ಹೇಳುವ ಹಾಗಿಲ್ಲ

ಬೊರಾಮ್ ಮೊದಲ ಸಲ ಬಾಗಿಲು ತಟ್ಟಿದಾಗ ಮನ್‌ಹೊ ಅಜ್ಜ ಅವಳನ್ನು ವಾರ್ಡ್ ಕಚೇರಿಯ ಹುಡುಗಿ ಎಂದುಕೊಂಡ. ಕೈಯಲ್ಲಿ ಚೀಲವಿರಲಿಲ್ಲವಾದ್ದರಿಂದ ಅವಳ ಬೆನ್ನ ಹಿಂದೆ ಇಣುಕಿ ನೋಡಿದ.

"ಅಕ್ಕಿ ಕೆಳಗಡೆ ಇಟ್ಟು ಬಂದ್ಯಾ ಮಗಾ?"

"ಅಜ್ಜ, ನಾನು ಅಕ್ಕಿ ಕೊಡೋಳಲ್ಲ. ಯೂನಿವರ್ಸಿಟಿಯಿಂದ ಬಂದಿದೀನಿ. ಸಮಾಜಶಾಸ್ತ್ರ ಓದ್ತಿದೀನಿ."

"ಅದೇ, ಸಮಾಜಸೇವೆ."

"ಸೇವೆ ಅಲ್ಲ ಅಜ್ಜ. ನಾನು ಬರೀ ಕೇಳ್ಕೊಂಡು ಹೋಗೋಳು."

"ಬರೀ ಕೇಳೋದಕ್ಕೂ ಡಿಗ್ರಿ ಕೊಡ್ತಾರಾ?" ಅಜ್ಜ ಹಲ್ಲಿಲ್ಲದ ಬಾಯಲ್ಲಿ ನಕ್ಕು ಬಾಗಿಲು ಬಿಟ್ಟು ಸರಿದ. "ಬಾ, ಬಾ. ಚಪ್ಪಲಿ ಒಳಗೇ ತಗೊಂಡು ಬಾ. ಇಲ್ಲಿ ಹೊರಗೆ ಬಿಟ್ಟಿದ್ದು ಹೊರಗೇ ಹೋಗುತ್ತೆ."

ಬೂಸಾನ್ ಬಂದರಿನ ಮೇಲಿನ ಗುಡ್ಡದಲ್ಲಿ, ಹಳೆಯ ವಸತಿಗೃಹವೊಂದನ್ನು ಹಲಗೆಗಳಿಂದ ಸೀಳಿ ಮಾಡಿದ ಗೂಡುಕೋಣೆಗಳಲ್ಲಿ ಅದೂ ಒಂದು. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಆಚೆ ಕೋಣೆಯವನು ಮಗ್ಗುಲು ಬದಲಿಸಿದರೆ ಈಚೆಯ ಹಲಗೆ ಕಿರುಗುಟ್ಟುತ್ತಿತ್ತು. ಬೊರಾಮ್ ಆ ವಸಂತದಲ್ಲೂ ಬೇಸಿಗೆಯಲ್ಲೂ ಅಲ್ಲಿಗೆ ಹೋಗಿ ಕೂತಳು. ಪ್ರಶ್ನೆಗಳನ್ನು ಬರೆದುಕೊಂಡೇ ಹೋಗುತ್ತಿದ್ದಳು, ಕೇಳುತ್ತಿದ್ದುದು ಕಡಿಮೆ. ಅಜ್ಜ ಮಾತು ನಿಲ್ಲಿಸಿ ಕಿಟಕಿಯಾಚೆಯ ಕ್ರೇನುಗಳನ್ನು ನೋಡುತ್ತಿದ್ದ. ಅವಳೂ ನೋಡುತ್ತಿದ್ದಳು. ಮನೆಯಲ್ಲಿ ಯಾರ ಜೊತೆಗೂ ಅವಳಿಗೆ ಅಂಥ ಮೌನ ಸಿಕ್ಕಿರಲಿಲ್ಲ.

ಅಜ್ಜನ ಹೆಂಡತಿ ಹಡಗಿನ ಮೈಯಿಂದ ತುಕ್ಕು ಬಡಿದು ಉದುರಿಸುವ ಕೂಲಿ ಮಾಡುತ್ತಿದ್ದವಳು. ವರ್ಷಗಟ್ಟಲೆ ಕಬ್ಬಿಣಕ್ಕೆ ಸುತ್ತಿಗೆ ಬಡಿದು ಬಡಿದು ಕಿವಿ ಹೋಗಿತ್ತು. ಮಕ್ಕಳಿರಲಿಲ್ಲ. ಅವಳು ಸತ್ತ ತಿಥಿಯ ದಿನ ಅಜ್ಜ ಕೋಣೆಯಲ್ಲೇ ಎಡೆ ಇಡುತ್ತಿದ್ದ. ಒಂದು ಬಟ್ಟಲು ಅನ್ನ, ಮೂಲಂಗಿ ಸಾರು, ಒಣಮೀನು, ಒಂದು ಲೋಟ ಅಕ್ಕಿ ಮದ್ಯ. ಅನ್ನದಲ್ಲಿ ಚಮಚ ನೆಟ್ಟು, ಮೇಣದ ಬತ್ತಿ ಹಚ್ಚಿ, ಊದುಬತ್ತಿ ಹಚ್ಚಿ, ಹೊಗೆ ಹೊರಗೆ ಹೋಗದ ಹಾಗೆ ಬಾಗಿಲ ಸಂದಿಗೆ ಒದ್ದೆ ಟವಲು ತುರುಕಿ ಅಡ್ಡಬೀಳುತ್ತಿದ್ದ. ಆ ಮನೆಯಲ್ಲಿ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಗೀರಿದವನು ಅವತ್ತೇ ಕೋಣೆ ಬಿಡಬೇಕು. ಪಕ್ಕದ ಓಣಿಯ ಇಂಥದ್ದೇ ಮನೆ ಒಮ್ಮೆ ಹೊತ್ತಿಕೊಂಡು, ಮಲಗಿದವರು ಮಲಗಿದಲ್ಲೇ ಸುಟ್ಟುಹೋಗಿದ್ದರು.

"ಬ್ಯಾಟರಿದು ಬರುತ್ತಲ್ಲ ಅಜ್ಜ, ಮೇಣದ ಬತ್ತಿ ಥರಾನೇ," ಎಂದಿದ್ದಳು ಬೊರಾಮ್.

"ಬತ್ತಿ ಬೇಕಾದ್ರೆ ಬ್ಯಾಟರೀದು ಇಡಬಹುದು. ಊದುಬತ್ತಿ? ಆ ಹೊಗೆ ಹಿಡ್ಕೊಂಡೇ ಅಲ್ವಾ ಅವಳು ಬರೋದು. ಬದುಕಿದ್ದಾಗ ಅನ್ನಕ್ಕೆ ಬಾರೇ ಅಂತ ಗಂಟಲು ಹರಿಯೋ ಹಾಗೆ ಕೂಗ್ತಿದ್ದೆ. ಈಗ ಸುಮ್ನೆ ಹಚ್ಚಿದ್ರೆ ಸಾಕು." ಆಮೇಲೆ ದನಿ ತಗ್ಗಿಸಿ, "ಬರ್ಕೋ, ಬೇಡ ಅನ್ನಲ್ಲ. ಹೆಸರು ಮಾತ್ರ ಹಾಕ್ಬೇಡ. ಈ ಕೋಣೆ ಹೋದ್ರೆ ನಂಗೆ ವೃದ್ಧಾಶ್ರಮಾನೇ ಗತಿ. ಅಲ್ಲಿ ಎಂಟು ಜನದ ಮಧ್ಯೆ ಎಡೆ ಇಡಕ್ಕಾಗುತ್ತಾ?"

ಹೆಸರು ಹಾಕಲ್ಲ ಎಂದು ಬೊರಾಮ್ ಮಾತು ಕೊಟ್ಟಳು. ಕೊಟ್ಟ ಮಾತನ್ನು ಉಳಿಸಿಕೊಂಡಳು ಕೂಡ. ಪ್ರಬಂಧದಲ್ಲಿ ಅಜ್ಜ ಬರೀ 'ಕೆ' ಆದ. ವಯಸ್ಸು ಬದಲಾಯಿತು, ಹುಟ್ಟೂರು ಬದಲಾಯಿತು, ಹೆಂಡತಿಯ ಸುತ್ತಿಗೆ ಹೋಗಿ ಮೀನಿನ ಕಾರ್ಖಾನೆ ಬಂತು. ಒದ್ದೆ ಟವಲು ಮಾತ್ರ ಉಳಿಯಿತು. ಅದನ್ನು ತೆಗೆದರೆ ಪ್ರಬಂಧದಲ್ಲಿ ಏನೂ ಉಳಿಯುತ್ತಿರಲಿಲ್ಲ. ಬದುಕಿನಲ್ಲಿ ಏನೂ ಇಲ್ಲದವನು ಸತ್ತವಳಿಗಾಗಿ ಇದ್ದ ಒಂದು ಸೂರನ್ನೂ ಪಣಕ್ಕಿಡುತ್ತಾನೆ ಎಂಬುದನ್ನು ಅವಳು ಬೇರೆ ಹೇಗೆ ಹೇಳಬೇಕಿತ್ತು? ಪ್ರಬಂಧದ ಮಾರ್ಗದರ್ಶಕಿ ಓಕ್ ಮೇಡಂ ಆ ಪುಟದ ಅಂಚಿನಲ್ಲಿ 'ಇದೇ ಜೀವಾಳ' ಎಂದು ಬರೆದಿದ್ದರು. ಬೊರಾಮ್ ಆ ಎರಡು ಪದಗಳನ್ನು ಎಷ್ಟೋ ಸಲ ಓದಿಕೊಂಡಳು.

ಪ್ರತಿ ವರ್ಷ ಕೊನೆಯ ವರ್ಷದವರು ಪ್ರಬಂಧಗಳನ್ನು ಕಾಲೇಜಿನ ಸಭಾಂಗಣದಲ್ಲಿ ಓದುವುದು ರೂಢಿ. ಈ ಸಲ ಸಮಾಜಶಾಸ್ತ್ರ ವಿಭಾಗವನ್ನೇ ಮುಚ್ಚುತ್ತಾರೆಂಬ ಸುದ್ದಿ ಖಚಿತವಾಗಿತ್ತು.

"ನಾವೇ ಅಳಿವಿನಂಚಿನ ಸಮುದಾಯ ಕಣೇ," ಎಂದ ಸಹಪಾಠಿ ಇನ್‌ಜೇ. "ಬೇರೆಯವರನ್ನ ಯಾಕೆ ಸಂದರ್ಶನ ಮಾಡ್ತೀಯ, ನನ್ನೇ ಮಾಡು. ಒಂದು ಬಟ್ಟಲು ನೂಡಲ್ಸ್ ಕೊಡಿಸು, ಅಳ್ತಾ ಅಳ್ತಾ ಉತ್ತರ ಕೊಡ್ತೀನಿ."

ಓಕ್ ಮೇಡಂ ನಗಲಿಲ್ಲ. "ಇದೇ ಕೊನೇದು. ನಾವು ಯಾರ ಬಗ್ಗೆ ಬರೆದಿದ್ದೀವೋ ಅವರ ಮುಂದೇನೇ ಓದೋಣ," ಎಂದರು. ಗುಡ್ಡದ ಬುಡದಲ್ಲಿದ್ದ ವಾರ್ಡಿನ ಸಭಾಭವನ ಸಿಕ್ಕಿತು. ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿ ಇನ್ನೊಂದು ಮಾತು ಹೇಳಿದರು. "ಪ್ರಬಂಧದಲ್ಲಿರೋ ಇವರು ಯಾರು ಅಂತ ಯಾರಾದ್ರೂ ಕೇಳ್ತಾರೆ. ಹೌದು ಅನ್ನಬೇಡಿ, ಅಲ್ಲ ಅಂತಲೂ ಅನ್ನಬೇಡಿ. ಇವತ್ತು ಒಬ್ಬರ ವಿಷಯಕ್ಕೆ ಅಲ್ಲ ಅಂದ್ರೆ, ನಾಳೆ ಇನ್ನೊಬ್ಬರ ವಿಷಯಕ್ಕೆ ಸುಮ್ಮನಿದ್ದಾಗ ಅದು ಹೌದು ಅಂತಾಗುತ್ತೆ. ಹೇಳುವ ಹಾಗಿಲ್ಲ ಅನ್ನಿ. ಅಷ್ಟೇ."

ಸಭಾಭವನದಲ್ಲಿ ಅಕ್ಕಿ ಕಡುಬು, ಕಿತ್ತಳೆ ಇಟ್ಟಿದ್ದರು. ಓಣಿಯ ಹೆಂಗಸರು ಬಂದಿದ್ದರು. ಮನ್‌ಹೊ ಅಜ್ಜ ಬರಲಿಲ್ಲ, ಮೊಣಕಾಲಿಗೆ ಆ ಮೆಟ್ಟಿಲುಗಳು ಆಗುತ್ತಿರಲಿಲ್ಲ. ಬೊರಾಮ್ ತಲೆ ಎತ್ತದೆ ಓದಿದಳು. ಒದ್ದೆ ಟವಲಿನ ಸಾಲು ಬಂದಾಗ ಕಿತ್ತಳೆ ಸುಲಿಯುವ ಸದ್ದೂ ನಿಂತಿತ್ತು.

ಓದು ಮುಗಿದು ಕೊಡೆ ತೆಗೆದುಕೊಳ್ಳಲು ಬಾಗಿಲ ಬಳಿ ಬಂದಾಗ ಯಾಂಗ್‌ಜಾ ನಿಂತಿದ್ದಳು. ಗೂಡುಕೋಣೆಗಳನ್ನು ನೋಡಿಕೊಳ್ಳುವ ಹೆಂಗಸು. ಬೊರಾಮ್ ಹೋದಾಗಲೆಲ್ಲ ಒಂದು ಸಿಹಿಗೆಣಸನ್ನಾದರೂ ಕೈಗೆ ತುರುಕದೆ ಬಿಟ್ಟವಳಲ್ಲ. ಇವತ್ತು ಅವಳ ಕೈ ಖಾಲಿಯಿತ್ತು.

"ಚೆನ್ನಾಗಿ ಬರ್ದಿದೀಯ ಕಣಮ್ಮ. ಕಣ್ಣಲ್ಲಿ ನೀರು ಬಂತು." ಹತ್ತಿರ ಬಂದು ಕೇಳಿದಳು, "ಆ ಕೆ ನಮ್ಮ ಮನ್‌ಹೊ ಅಜ್ಜನಾ?"

ಬೊರಾಮ್ ಕೊಡೆಗಳ ನಡುವೆ ತನ್ನದನ್ನು ಹುಡುಕತೊಡಗಿದಳು.

"ಹೇಳೇ. ಈ ಓಣೀಲಿ ಇಂಥ ಮನೆಗಳು ಬೇಕಾದಷ್ಟಿವೆ. ನಮ್ಮನೇದಲ್ಲ ಅಂತ ಒಂದು ಮಾತು ಅನ್ನು, ನಾನು ಕಡುಬು ಕಟ್ಟಿಸ್ಕೊಂಡು ಮನೆಗೆ ಹೋಗ್ತೀನಿ."

ಅವಳು ಸುಳ್ಳನ್ನೇ ಬೇಡುತ್ತಿದ್ದಳು. ಕೊಟ್ಟಿದ್ದರೆ ಕಡುಬಿನ ಜೊತೆ ಕಟ್ಟಿಕೊಂಡು ಹೋಗುತ್ತಿದ್ದಳು, ಇನ್ನೊಮ್ಮೆ ಕೇಳುತ್ತಿರಲಿಲ್ಲ. ಬೊರಾಮ್‌ಗೆ ಅದು ಆಮೇಲೆ ಅರ್ಥವಾಯಿತು. ಆ ಹೊತ್ತಿನಲ್ಲಿ ಅವಳಿಗೆ ನೆನಪಾದದ್ದು ಕಲಿತ ಪಾಠ. ಅದನ್ನು ತಪ್ಪಿಲ್ಲದೆ ಒಪ್ಪಿಸಿದಳು.

"ಆಂಟಿ, ಅದನ್ನ ನಾನು ಹೇಳುವ ಹಾಗಿಲ್ಲ."

ಯಾಂಗ್‌ಜಾ ಅವಳನ್ನೇ ನೋಡಿದಳು. "ಇಲ್ಲ ಅನ್ನೋದಕ್ಕೂ ಆಗಲ್ವಾ?"

"ಹೌದು ಅಂತಲೂ ಅಂದಿಲ್ಲವಲ್ಲ ಆಂಟಿ."

"ಅಯ್ಯೋ ಪುಣ್ಯಾತ್ಗಿತ್ತಿ," ಎಂದಳು ಯಾಂಗ್‌ಜಾ. ಬೈಗುಳದಂತಿರಲಿಲ್ಲ, ದಣಿದವರ ದನಿಯಿತ್ತು. "ಆವತ್ತು ಆ ಓಣೀಲಿ ಬೆಂಕಿ ಬಿದ್ದಾಗ ಹೆಣ ಗುರುತು ಹಿಡಿಯಕ್ಕೆ ನನ್ನೇ ಕರೆದಿದ್ರು. ಗೊತ್ತಿಲ್ಲದೆ ಇದ್ದಿದ್ರೆ ಇರ್ತಿದ್ದೆ. ಈಗ ಗೊತ್ತಾಯ್ತಲ್ಲ, ನಾನು ಹೆಂಗೆ ನಿದ್ದೆ ಮಾಡ್ಲಿ?"

ವಾರ ಕಳೆಯುವುದರೊಳಗೆ ಅಜ್ಜನ ಕೋಣೆ ಖಾಲಿಯಾಗಬೇಕೆಂದಾಯಿತು. ಬೊರಾಮ್ ಯಾಂಗ್‌ಜಾಳ ಕಾಲು ಹಿಡಿದಳು. ಇನ್ನು ಹಚ್ಚಲ್ಲ ಅಂತ ಅಜ್ಜನ ಕೈಲಿ ಹೇಳಿಸಿದರೆ ಸಾಕೇ ಎಂದು ಕೇಳಿದಳು. ಸಾಕು ಎಂದಳು ಯಾಂಗ್‌ಜಾ. ಆ ಮಾತನ್ನು ಹೊತ್ತುಕೊಂಡು ಬೊರಾಮ್ ಮೇಲೆ ಓಡಿದಳು. ಅಜ್ಜ ಹಾಸಿಗೆ ಸುತ್ತುತ್ತಿದ್ದ.

"ಹಚ್ಚಲ್ಲ ಅಂತ ಒಂದು ಮಾತು ಹೇಳಿ ಅಜ್ಜ. ಬರೀ ಬಾಯಿ ಮಾತು."

"ಅದನ್ನ ಹೇಳಿ ಈ ಗೂಡಲ್ಲಿದ್ದು ಏನು ಮಾಡ್ಲಿ?" ಎಂದ ಅಜ್ಜ. "ಯಾಂಗ್‌ಜಾದೇನೂ ತಪ್ಪಿಲ್ಲ. ಅವಳ ಜಾಗದಲ್ಲಿದ್ದಿದ್ರೆ ನಾನೂ ಅದನ್ನೇ ಮಾಡ್ತಿದ್ದೆ. ಆ ತುದಿ ಹಿಡ್ಕೋ."

ಅವಳು ಹಿಡಿದುಕೊಂಡಳು. ಇಬ್ಬರೂ ಸೇರಿ ಹಾಸಿಗೆಗೆ ಹಗ್ಗ ಬಿಗಿದರು. ಆಶ್ರಮದ ವ್ಯಾನು ಮೆಟ್ಟಿಲುಗಳ ಕೆಳಗೆ ಕಾಯುತ್ತಿತ್ತು. ಅಜ್ಜ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದ, ಬೊರಾಮ್ ಗಂಟು ಹೊತ್ತು ಹಿಂದೆ ಬಂದಳು. ಕ್ಷಮಿಸಿ ಎಂಬ ಮಾತು ದಾರಿಯುದ್ದಕ್ಕೂ ಅವಳ ಬಾಯಲ್ಲಿತ್ತು, ಹೊರಬರಲಿಲ್ಲ. ಈ ಮೌನ ಕ್ರೇನು ನೋಡುತ್ತಾ ಕೂತಾಗಿನದಲ್ಲ.

ಸೀಟಿನಲ್ಲಿ ಕೂತ ಮೇಲೆ ಅಜ್ಜ ಕೇಳಿದ:

"ಅವಳ ವಿಷಯ ಮೈಕಲ್ಲೇ ಓದಿದ್ಯಾ?"

"ಹೂಂ ಅಜ್ಜ."

"ಅವಳು ಜನರ ಮುಂದೆ ಬರೋಳಲ್ಲ. ಯಾರಾದ್ರೂ ನೋಡಿದ್ರೆ ನನ್ನ ಬೆನ್ನ ಹಿಂದೆ ನಿಂತ್ಕೊಳ್ಳೋಳು." ಅಜ್ಜ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡ. "ನಕ್ಕರಾ?"

"ಇಲ್ಲ. ಯಾರೂ ನಗಲಿಲ್ಲ."

"ಮತ್ತೇನ್ ಮಾಡಿದ್ರು?"

ಡ್ರೈವರು ಬಾಗಿಲಿಗೆ ಕೈ ಹಾಕಿದ್ದ. ಇದಕ್ಕೆ ಹೇಳುವ ಹಾಗಿಲ್ಲ ಎನ್ನುವಂತಿರಲಿಲ್ಲ.

"ಚಪ್ಪಾಳೆ ತಟ್ಟಿದ್ರು," ಎಂದಳು ಬೊರಾಮ್.

ಅಜ್ಜ ಮುಖವನ್ನು ಬಂದರಿನ ಕಡೆ ತಿರುಗಿಸಿದ. ಡ್ರೈವರು ಬಾಗಿಲೆಳೆದುಕೊಂಡ.