ಅಳತೆಯಪ್ಪ ಬರೆದ ನಾಲ್ಕು ಸಾಲು

ಕೈಯಲ್ಲಿ ಚಿನ್ನದಂಥ ಕೆಲಸ, ಬಾಯಿಗೆ ಮಾತ್ರ ಬೀಗ. ಇಂಥವರು ಒಬ್ಬರಾದರೂ ನಿಮ್ಮ ಬೀದಿಯಲ್ಲಿ ಇದ್ದೇ ಇರುತ್ತಾರೆ. ಅಂಥವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡುವ ಪಾಡು ಏನು ಅಂತ ತಿಳಿಯಬೇಕಾದರೆ ಅಳತೆಯಮ್ಮನನ್ನೇ ಕೇಳಬೇಕು.

ಅವಳ ಗಂಡ ಶೂ ಮಾಡುವವನು. ಅಂಗಡಿಗೆ ಯಾರೇ ಬರಲಿ, ಅವನ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಪಾದಕ್ಕೆ. ಉದ್ದ ಎಷ್ಟು, ಅಗಲ ಎಷ್ಟು ಅಂತ ನಿಂತಲ್ಲೇ ಲೆಕ್ಕ ಹಾಕುತ್ತಾನೆ. ಅದಕ್ಕೇ ಬೀದಿಯವರು ಅಳತೆಯಪ್ಪ ಅಂತ ಹೆಸರಿಟ್ಟರು. ಅವನನ್ನು ಕಟ್ಟಿಕೊಂಡ ತಪ್ಪಿಗೆ ಇವಳು ಅಳತೆಯಮ್ಮ ಆದಳು. ಅವನು ಶೂವಿನ ಕೆಳಗೆ ಅಟ್ಟೆ ಕೂರಿಸಿದರೆ ಇವಳು ಮೇಲಿನ ಚರ್ಮ ಹೊಲಿಯುತ್ತಾಳೆ.

ಅವನ ನಿಜವಾದ ಕೆಲಸ ನಡೆಯುವುದು ಅಂಗಡಿಯ ಪರದೆಯ ಹಿಂದೆ. ಒಂದು ಕಾಲು ಗಿಡ್ಡ ಇರುವವರು, ಪಾದ ಒಳಕ್ಕೆ ತಿರುಗಿದವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು, ಇಂಥವರಿಗೆಲ್ಲ ಅವನು ಅಳತೆ ತೆಗೆದು ಶೂ ಮಾಡಿಕೊಡುತ್ತಾನೆ. ಗಿಡ್ಡ ಕಾಲಿಗೆ ಬೇಕಾದ ಎತ್ತರವನ್ನು ಆದಷ್ಟೂ ಶೂವಿನ ಒಳಗೇ ಅಡಗಿಸುತ್ತಾನೆ. ಹೊರಗಿನವರು ನೋಡಿದರೆ ಎರಡೂ ಶೂ ಒಂದೇ ಥರ ಕಾಣಬೇಕು, ಅದು ಅವನ ಹಟ. ಈ ಕೆಲಸ ಕಲಿಸಿದವನು ಅವನ ಅಪ್ಪ. ಕಲಿಸುವಾಗ ಒಂದು ಮಾತನ್ನೂ ಹೇಳಿದ್ದ: “ಬಂದವರ ಕಾಲನ್ನ ಕೈ ನೋಡಬೇಕು, ಬಾಯಿ ಆಡಬಾರದು.” ಮಗ ಆ ಮಾತನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡ ಅಂದರೆ, ಅಂಗಡಿಯ ಬೋರ್ಡಿನ ಮೇಲೂ ‘ಪಾದರಕ್ಷೆಗಳು’ ಅಂತ ಒಂದೇ ಪದ ಬರೆಸಿದ.

ಮೊದಲೆಲ್ಲ ಅದು ನಡೆಯಿತು. ಮೂಳೆ ಡಾಕ್ಟರೊಬ್ಬರು ಚೀಟಿ ಬರೆದು ಜನರನ್ನು ನೇರ ಇಲ್ಲಿಗೇ ಕಳಿಸುತ್ತಿದ್ದರು. ಅವರು ನಿವೃತ್ತರಾಗಿ ಮಗಳ ಊರಿಗೆ ಹೋದ ಮೇಲೆ ಎಂಟು ತಿಂಗಳು ಪರದೆಯ ಹಿಂದೆ ಒಬ್ಬರೂ ಕೂರಲಿಲ್ಲ. ಬರುವವರೆಲ್ಲ ಕಿತ್ತುಹೋದ ಚಪ್ಪಲಿ ಬಾರು ಹಿಡಿದುಕೊಂಡು ಬರುವವರೇ. ಕೊನೆಗೆ ಅಳತೆಯಪ್ಪ ದೊಡ್ಡ ರಸ್ತೆಯ ಶೂ ಶೋರೂಮಿಗೆ ಹೋಗಿ ಮಾತು ಕೊಟ್ಟು ಬಂದ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಅಲ್ಲಿ ಕೆಲಸ. ಯಾರೋ ಮಾಡಿದ ಶೂಗಳನ್ನು ಡಬ್ಬಿಯಿಂದ ತೆಗೆಯುವುದು, ತೋರಿಸುವುದು, ಮತ್ತೆ ಡಬ್ಬಿಗೆ ಹಾಕುವುದು. ಈ ಅಂಗಡಿಗೆ ಬೀಗ.

ಅಳತೆಯಮ್ಮನಿಗೆ ಒಂದಲ್ಲ, ಎರಡು ಸಂಕಟ. ಅಂಗಡಿ ಮುಚ್ಚುತ್ತಾರೆ ಅಂತ ದುಃಖ ಒಂದು ಕಡೆ. ಮುಚ್ಚುವ ಮೊದಲು ತನ್ನ ಕೆಲಸ ಇಂಥದ್ದು ಅಂತ ಜನರಿಗೆ ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲವಲ್ಲ ಅನ್ನುವ ಸಿಟ್ಟು ಇನ್ನೊಂದು ಕಡೆ.

“ರೀ, ಫೋನಲ್ಲಿ ಪೇಜ್ ಮಾಡ್ಕೊಂಡಿದೀರಲ್ಲ, ಅದರಲ್ಲಾದ್ರೂ ಹಾಕಿ ಅಂದ್ರೆ ಕೇಳಲ್ಲ.”

“ಹಾಕಿದೀನಲ್ಲೇ. ದಿನಾ ಹಾಕ್ತೀನಿ.”

ಹಾಕುತ್ತಿದ್ದದ್ದು ನಿಜ. ದಿನಾ ಬೆಳಿಗ್ಗೆ ಒಂದು ಸೂರ್ಯೋದಯ, ಅದರ ಮೇಲೆ ಒಂದು ಹಿತವಚನ. ಅವನ ಫೋಟೋ ಇರಬೇಕಾದ ಜಾಗದಲ್ಲಿ ಗುಲಾಬಿ ಹೂವು. ಅದರ ಕೆಳಗೆ, ‘ನಾನು ಯಾರು’ ಅಂತ ಹೇಳಿಕೊಳ್ಳಲು ಇರುವ ಬಯೋ ಅನ್ನುವ ಜಾಗದಲ್ಲಿ, ಅವನು ಹೀಗೆ ಬರೆದಿದ್ದ: ‘ಸರಳ ಜೀವಿ. ಅಮ್ಮನ ಮಗ. ಪ್ರಕೃತಿ ಪ್ರೇಮಿ. ಬದುಕು ಒಂದು ಪಯಣ.’

ಒಂದು ಮಧ್ಯಾಹ್ನ ಪೋಸ್ಟಮ್ಮ ಪಾರ್ಸೆಲ್ ಕೊಡಲು ಬಂದಳು. ಆ ಬೀದಿಗಳಿಗೆ ಹದಿನೈದು ವರ್ಷದಿಂದ ಅಂಚೆ ಹಂಚುವವಳು ಅವಳೇ. ಅಳತೆಯಮ್ಮ ಫೋನನ್ನು ಅವಳ ಮುಂದೆ ಹಿಡಿದು, “ನೀನೇ ನೋಡಮ್ಮ, ಇದನ್ನ ಓದಿದ್ರೆ ಇವರೇನು ಕೆಲಸ ಮಾಡ್ತಾರೆ ಅಂತ ಗೊತ್ತಾಗುತ್ತಾ?” ಅಂದಳು.

ಪೋಸ್ಟಮ್ಮ ಎರಡು ಸಲ ಓದಿದಳು. “ಭಾವ, ಹೊಟ್ಟೆಗೆ ಹಾಕ್ಕೊಳ್ಳಿ, ಕೆಲಸ ಬಿಟ್ಟು ಮನೆಯಲ್ಲಿ ಕೂತವರ ಥರ ಇದೆ.”

“ಅದು ನನ್ನ ಸ್ವಭಾವ ಕಣಮ್ಮ. ಬಯೋ ಅಂದ್ರೆ ಸ್ವಭಾವ ತಾನೇ?”

“ಸ್ವಭಾವ ಅಕ್ಕನಿಗೆ ಗೊತ್ತಿದ್ರೆ ಸಾಕು. ಲಕೋಟೆ ಮೇಲೆ ‘ಒಳ್ಳೆಯ ಮನುಷ್ಯರು, ಹೂವು ಅಂದ್ರೆ ಪ್ರೀತಿ’ ಅಂತ ಬರೆದ್ರೆ ನಾನು ಯಾರ ಮನೆಗೆ ಕೊಡ್ಲಿ? ವಿಳಾಸ ಬರೀಬೇಕು. ಇದೂ ಹಾಗೇ. ಓದಿದವರು ನಿಮ್ಮ ಬಾಗಿಲಿಗೆ ಬಂದು ಮುಟ್ಟಬೇಕು.”

“ನಮ್ಮ ಕೆಲಸ ಬೇರೆ,” ಅಂದ ಅಳತೆಯಪ್ಪ. “ಕಾಲು ಗಿಡ್ಡ ಇದೆ ಅಂತ ಊರಿಗೆಲ್ಲ ಕಾಣೋ ಹಾಗೆ ಬರೆದ್ರೆ, ಆ ಜನ ನಾಚ್ಕೊಂಡು ಈ ಕಡೆ ತಲೇನೂ ಹಾಕಲ್ಲ. ಕೆಲಸ ಚೆನ್ನಾಗಿದ್ರೆ ಕೆಲಸವೇ ಮಾತಾಡುತ್ತೆ.”

“ಎಂಟು ತಿಂಗಳಿಂದ ಒಂದಕ್ಷರ ಮಾತಾಡಿಲ್ವಲ್ಲ ರೀ ನಿಮ್ಮ ಕೆಲಸ!” ಅಂದಳು ಅಳತೆಯಮ್ಮ. ಅವನು ಉಳಿಯ ಅಂಚು ಒರೆಸುತ್ತಾ ಕೂತ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಅಷ್ಟರಲ್ಲಿ ಒಬ್ಬಳು ಬಸ್ ಕಂಡಕ್ಟರ್ ಬಂದಳು. ಟಿಕೆಟ್ ಚೀಲದ ಬಾರು ಹರಿದಿತ್ತು, ಅದನ್ನು ಹೊಲಿಸಬೇಕಿತ್ತು. ಅಳತೆಯಪ್ಪ ಚೀಲ ಕೈಗೆ ತೆಗೆದುಕೊಂಡನೇ ಹೊರತು ನೋಡಿದ್ದು ಅವಳ ಶೂ. ಬಲಗಡೆಯ ಅಟ್ಟೆ ದಪ್ಪ, ಎಡಗಡೆಯದು ತೆಳು. ದಪ್ಪ ಅಟ್ಟೆ ಹೊರ ಅಂಚಿನಲ್ಲಿ ಪೂರ್ತಿ ಸವೆದಿತ್ತು. ಅವಳು ಕೌಂಟರಿಗೆ ಕೈ ಊರಿ ಭಾರವನ್ನೆಲ್ಲ ಎಡಗಾಲಿಗೆ ಹಾಕಿ ನಿಂತಿದ್ದಳು.

“ಕೂತ್ಕೊಳ್ಳಿ,” ಅಂದ ಅಳತೆಯಪ್ಪ ಮೆಲ್ಲಗೆ. “ಸೊಂಟ ನೋಯ್ತಿರಬೇಕು.”

ಅವಳು ಬೆಚ್ಚಿದಳು. “ನಿಮಗೆ ಹೇಗೆ ಗೊತ್ತಾಯ್ತು ಅಣ್ಣ?”

“ಒಳಗೆ ಬನ್ನಿ. ನೋಡ್ತೀನಿ.”

ಎಂಟು ತಿಂಗಳ ಮೇಲೆ ಪರದೆ ಸರಿಯಿತು. ಸ್ಟೂಲಿನ ಮೇಲೆ ಕೂತ ಕಂಡಕ್ಟರ್ ಶೂ ಬಿಚ್ಚುತ್ತಾ ತನ್ನ ಕಥೆ ಹೇಳಿದಳು. ಶೂ ಮಾಡಿಸಿದ್ದು ದೂರದ ದೊಡ್ಡ ಊರಿನಲ್ಲಿ. ಹೋಗೋಕೆ ಆರು ಗಂಟೆ, ಬರೋಕೆ ಆರು ಗಂಟೆ. ಪ್ರತಿ ಸಲ ಎರಡು ದಿನ ರಜೆ. ಇದು ಮೂರನೇ ಜೊತೆ, ಇದರ ಎತ್ತರವೂ ತಪ್ಪು. ದಿನಕ್ಕೆ ಎಂಟು ಗಂಟೆ ಓಡುವ ಬಸ್ಸಿನಲ್ಲಿ ನಿಲ್ಲಬೇಕು. ಹೀಗೇ ಆದರೆ ಕೆಲಸ ಬಿಡಬೇಕಾಗುತ್ತದೆ ಅಂತ ಹೇಳುವಾಗ ಅವಳ ಧ್ವನಿ ಸಣ್ಣಗಾಯಿತು.

ಆಮೇಲೆ ಅವಳು ತಲೆ ಎತ್ತಿದಳು. ಗೋಡೆಯ ಕಪಾಟಿನಲ್ಲಿ ಪಾದದ ಆಕಾರದ ಮರದ ಅಚ್ಚುಗಳು ಸಾಲಾಗಿ ಕೂತಿದ್ದವು. ಒಂದು ಉದ್ದ, ಒಂದು ಗಿಡ್ಡ, ಒಂದು ಒಳಕ್ಕೆ ತಿರುಗಿದ್ದು, ಒಂದಕ್ಕೆ ಎರಡು ಬೆರಳಿಲ್ಲ.

“ಅಣ್ಣಾ, ಇದನ್ನೆಲ್ಲ ನೀವೇ ಮಾಡ್ತೀರಾ? ಇಲ್ಲೇ? ನಾನು ಹತ್ತೋದು ಇಳಿಯೋದು ಇಲ್ಲೇ ಮುಂದಿನ ಬಸ್ ನಿಲ್ದಾಣದಲ್ಲಿ!”

ಪೋಸ್ಟಮ್ಮನಿಗೆ ತಡೆಯಲಾಗಲಿಲ್ಲ. ಪರದೆಯ ಆಚೆಯಿಂದಲೇ, “ನಮ್ಮ ಅಳತೆಯಪ್ಪನವರು ಮೂವತ್ತು ವರ್ಷದಿಂದ ಮಾಡ್ತಿದಾರೆ,” ಅಂತ ಕೂಗಿದಳು.

“ಅಳತೆಯಪ್ಪ?” ಕಂಡಕ್ಟರ್ ಫೋನ್ ತೆಗೆದಳು. “ಈ ಗುಲಾಬಿ ಹೂವಿನವರಾ? ಒಂದು ವರ್ಷದಿಂದ ನಿಮ್ಮ ಪೇಜ್ ನೋಡ್ತಿದೀನಲ್ಲ! ಸೂರ್ಯೋದಯ ಎಲ್ಲ ಚೆನ್ನಾಗಿರುತ್ತೆ. ನಾನು ನಿಮ್ಮನ್ನ ಯಾರೋ ಕವಿಗಳು ಅಂದ್ಕೊಂಡಿದ್ದೆ.”

ಅಳತೆಯಮ್ಮ ಹಣೆ ಹಣೆ ಚಚ್ಚಿಕೊಂಡಳು. “ಕವಿಗಳಂತೆ! ಕೇಳಿದ್ರಾ? ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದಂಗಾಯ್ತಲ್ಲ ಈ ತಾಯಿ ಪಾಡು! ದಿನಾ ಬೆಳಿಗ್ಗೆ ನಿಮ್ಮ ಹಿತವಚನ ಓದ್ಕೊಂಡು, ಅದೇ ನೋಯೋ ಕಾಲಲ್ಲಿ ಆರು ಗಂಟೆ ದೂರ ಹೋಗ್ತಿದ್ದಾರೆ!”

ಅಳತೆಯಪ್ಪ ಕೆಂಪಾದ. ಆದರೂ ಅವನ ಹಳೇ ಅಳುಕು ಬಿಡಲಿಲ್ಲ. “ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ಹೀಗ್ಹೀಗೆ ಅಂತ ನಾನು ಬಿಡಿಸಿ ಬರೆದಿದ್ರೆ ನಿಮಗೆ ನಾಚಿಕೆ ಆಗ್ತಿರಲಿಲ್ವಾ?”

“ಅಣ್ಣ, ಬಸ್ಸಲ್ಲಿ ಐವತ್ತು ಜನ ದಿನಾ ನನ್ನ ನಡಿಗೆ ನೋಡ್ತಾರೆ. ಮುಚ್ಚಿಡೋಕೆ ಇನ್ನೇನಿದೆ? ನನ್ನ ಕಾಲಿನ ವಿಷಯ ಬರೀಬೇಡಿ, ನಿಮ್ಮ ಕೈ ಏನು ಮಾಡುತ್ತೆ ಅದನ್ನ ಬರೀರಿ. ಅದರಲ್ಲಿ ನನಗ್ಯಾಕೆ ನಾಚಿಕೆ? ನೀವು ಸುಮ್ಮನಿದ್ದಿದ್ದಕ್ಕೆ ನನಗೆ ಒಂದು ವರ್ಷ ನೋವು.”

ಅಳತೆಯಪ್ಪನ ಕೈಯಲ್ಲಿದ್ದ ಅಳತೆ ಪಟ್ಟಿ ಹಾಗೇ ನಿಂತಿತು. ಅಪ್ಪನ ಮಾತನ್ನು ಪಾಲಿಸುತ್ತಿದ್ದೇನೆ ಅಂತ ಅವನು ಅಂದುಕೊಂಡಿದ್ದ. ಆ ಮಾತಿನಿಂದ ಯಾರಿಗೋ ನೋವಾಗುತ್ತಿರಬಹುದು ಅಂತ ಯಾವತ್ತೂ ಯೋಚಿಸಿರಲಿಲ್ಲ.

“ಬರೆಯೋಣ,” ಅಂದ.

ಅವನು ಒಪ್ಪಿದ ಅಂದಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ಅಸಲಿ ತಲೆನೋವು ಶುರುವಾದದ್ದೇ ಆಗ. ಕಂಡಕ್ಟರ ಅಳತೆ ತೆಗೆದು ಮುಗಿಸಿ ಬಯೋ ಬರೆಯಲು ಕೂತವನು, ತನ್ನ ತಾತ ಯಾವ ವಯಸ್ಸಿನಲ್ಲಿ ಉಳಿ ಹಿಡಿದ ಅಂತ ಶುರುಮಾಡಿದ. ಅಪ್ಪನ ಕಾಲಕ್ಕೆ ಬರುವಷ್ಟರಲ್ಲಿ ಜಾಗ ಖಾಲಿ. ಫೋನು ಇನ್ನೊಂದಕ್ಷರ ತೆಗೆದುಕೊಳ್ಳಲಿಲ್ಲ.

“ಭಾವ, ಇಲ್ಲಿ ನಾಲ್ಕು ಸಾಲು ಹಿಡಿಸಿದ್ರೆ ಹೆಚ್ಚು,” ಅಂದಳು ಪೋಸ್ಟಮ್ಮ. “ತಾತನ ಕಥೆ ಇನ್ನೊಂದು ದಿನ ಪೋಸ್ಟ್ ಹಾಕಿ. ಜನ ಬಸ್ಸಿಗೆ ಕಾಯ್ತಾ ಓದ್ತಾರೆ, ಒಂದು ಉಸಿರಲ್ಲಿ ಮುಗೀಬೇಕು.”

ಎರಡನೇ ಸಲ ‘ಎಲ್ಲಾ ಬಗೆಯ ಪಾದರಕ್ಷೆಗಳನ್ನು ತಯಾರಿಸಲಾಗುವುದು’ ಅಂತ ಬರೆದ. ಅಳತೆಯಮ್ಮನಿಗೆ ಮೈಯೆಲ್ಲ ಉರಿಯಿತು. “ಎಲ್ಲಾ ಬಗೆ ಅಂದ್ರೆ ಯಾವ ಬಗೇನೂ ಅಲ್ಲ! ಬೋರ್ಡಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡ್ತಿದೀರಲ್ಲ! ತನ್ನಿ ಇಲ್ಲಿ, ನಾನು ಬರೀತೀನಿ.” ಅವಳು ಫೋನ್ ಕಸಿದುಕೊಂಡು, ‘ಪ್ರಪಂಚದಲ್ಲೇ ನಂಬರ್ ಒನ್ ಶೂ. ಹಾಕಿದ ದಿನವೇ ನೋವು ಮಾಯ’ ಅಂತ ಬರೆದಳು.

“ಅಕ್ಕ, ನೀನೂ ಶುರು ಮಾಡ್ಬೇಡ,” ಅಂದಳು ಪೋಸ್ಟಮ್ಮ. “ಒಂದೇ ದಿನಕ್ಕೆ ನೋವು ಮಾಯ ಆಗುತ್ತಾ?”

“ಇಲ್ಲ. ಹೊಂದಿಕೊಳ್ಳೋಕೆ ಎರಡು ಮೂರು ವಾರ ಬೇಕು,” ಅಂತ ಅಳತೆಯಮ್ಮನೇ ಒಪ್ಪಿಕೊಂಡಳು.

“ಮತ್ತೆ ಯಾಕೆ ಬರೆದೆ? ಸುಳ್ಳು ಓದಿ ಬಂದವರು ಒಂದೇ ಸಲ ಬರ್ತಾರೆ. ಹೊರಗೆ ಹೋಗಿ ಹತ್ತು ಜನಕ್ಕೆ ಬೈದು ಹೇಳ್ತಾರೆ.”

ಅಳತೆಯಮ್ಮ ತಾನು ಬರೆದದ್ದನ್ನು ತಾನೇ ಅಳಿಸಿದಳು. ಅವಳಿಗೆ ನಾಚಿಕೆಯೂ ಆಯಿತು.

ಪೋಸ್ಟಮ್ಮ ಕಂಡಕ್ಟರ ಕಡೆ ತಿರುಗಿದಳು. “ಫೋನಲ್ಲಿ ಹುಡುಕುವಾಗ ನೀವು ಏನಂತ ಟೈಪ್ ಮಾಡಿದ್ರಿ?”

“‘ಒಂದು ಕಾಲು ಗಿಡ್ಡ ಶೂ’ ಅಂತ.”

“ಅದೇ ಬರೀರಿ ಭಾವ. ಹುಡುಕೋರ ಬಾಯಲ್ಲಿ ಯಾವ ಮಾತು ಇದೆಯೋ ಅದೇ ಮಾತು ನಿಮ್ಮ ಬಯೋದಲ್ಲಿರಬೇಕು.”

ಹೊತ್ತು ಇಳಿಯುವಷ್ಟರಲ್ಲಿ ನಾಲ್ಕು ಸಾಲು ಸಿದ್ಧವಾದವು:

‘ಒಂದು ಕಾಲು ಗಿಡ್ಡವೇ? ಪಾದ ತಿರುಗಿದೆಯೇ? ನಿಮ್ಮ ಪಾದಕ್ಕೇ ಅಳತೆ ತೆಗೆದು ಶೂ ಮಾಡುತ್ತೇನೆ.
ಮೂವತ್ತು ವರ್ಷದ ಕೆಲಸ. ಡಾಕ್ಟರ ಚೀಟಿ ಇದ್ದರೆ ತನ್ನಿ. ಅಳತೆ ಪರದೆಯ ಹಿಂದೆ.
ಬಸ್ ನಿಲ್ದಾಣದ ಹಿಂಬದಿ, ಗಡಿಯಾರದ ಅಂಗಡಿ ಪಕ್ಕ. ಬೆಳಿಗ್ಗೆ ಹತ್ತರಿಂದ ಸಂಜೆ ಆರು.
ಅಂಗಡಿಯ ನಂಬರಿಗೆ ಫೋನ್ ಮಾಡಿ ಬನ್ನಿ.’

ಅದರ ಜೊತೆ ಊರಿನ ಹೆಸರು, ಫೋನ್ ನಂಬರು ಸೇರಿದವು. ಮನೆಯ ವಿಳಾಸ, ಹುಟ್ಟಿದ ದಿನ ಯಾವುದೂ ಬೇಡ ಅಂತ ಪೋಸ್ಟಮ್ಮ ಹೇಳಿದಳು. ಅವು ಗಿರಾಕಿಗೆ ಬೇಕಿಲ್ಲ, ಬೇಕಾಗುವುದು ಮೋಸ ಮಾಡುವವರಿಗೆ. ಗುಲಾಬಿ ಹೋಯಿತು. ಅಳತೆಯಪ್ಪ ಅಚ್ಚು ಹಿಡಿದು ಕೂತ ಫೋಟೋ ಬಂತು. “ನನ್ನ ಪಾದದ ಫೋಟೋ ಬೇಕಾದ್ರೆ ಹಾಕ್ಕೊಳ್ಳಿ,” ಅಂದಳು ಕಂಡಕ್ಟರ್. ಅಳತೆಯಪ್ಪ ಒಪ್ಪಲಿಲ್ಲ. ಬಂದವರ ಕಾಲು ಪರದೆಯ ಹಿಂದೆಯೇ ಇರಲಿ ಅಂದ. ಆ ವಿಷಯದಲ್ಲಿ ಅವನಪ್ಪ ಹೇಳಿದ್ದು ಸರಿಯೇ ಅಂತ ಅಳತೆಯಮ್ಮನಿಗೂ ಅನ್ನಿಸಿತು.

ಮರುದಿನ ಯಾರೂ ಬರಲಿಲ್ಲ. ಮೂರನೇ ದಿನವೂ ಇಲ್ಲ. ನಾಲ್ಕನೇ ದಿನ ಅಳತೆಯಪ್ಪ, “ನಾನು ಆಗ್ಲೇ ಹೇಳಿರ್ಲಿಲ್ವಾ?” ಅಂದ. ಅಳತೆಯಮ್ಮ ಕೈಯಲ್ಲಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಿ, “ಎಂಟು ತಿಂಗಳು ಸುಮ್ಮನೆ ಕೂತೋರಿಗೆ ನಾಲ್ಕು ದಿನ ತಾಳೋಕೆ ಏನು ಬಂತು ರೋಗ?” ಅಂತ ರೇಗಿದಳು.

ಆರನೇ ದಿನ ಒಬ್ಬ ತಂದೆಯ ಫೋನ್ ಬಂತು. ಮಗಳ ಪಾದ ಹುಟ್ಟಿನಿಂದ ಒಳಕ್ಕೆ ತಿರುಗಿದೆ, ಶಾಲೆಗೆ ಹಾಕಿಕೊಂಡು ಹೋಗಲು ಶೂ ಬೇಕು. ಆ ವಾರವೇ ಮೂಳೆ ಡಾಕ್ಟರ ಜಾಗಕ್ಕೆ ಬಂದ ಹೊಸ ಡಾಕ್ಟರ್ ಬಯೋ ಓದಿ ಫೋನ್ ಮಾಡಿ, “ನೀವು ಇಲ್ಲೇ ಇದೀರಾ? ನಾನು ಎಲ್ಲರನ್ನೂ ಬೇರೆ ಊರಿಗೆ ಕಳಿಸ್ತಿದ್ದೆನಲ್ಲ,” ಅಂದರು. ಅಳತೆಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂಗಳ ಕೊನೆಗೆ ಪರದೆಯ ಹಿಂದಿನ ಸ್ಟೂಲಿಗೆ ಐದು ಜನ ಸರದಿ ಹೇಳಿಟ್ಟಿದ್ದರು.

ಮೂವತ್ತನೇ ತಾರೀಕು ಅಳತೆಯಪ್ಪ ಶೋರೂಮಿಗೆ ಫೋನ್ ಮಾಡಿದ. “ಕ್ಷಮಿಸಿ ಸಾರ್, ಬರೋಕಾಗಲ್ಲ. ನನಗಿಲ್ಲಿ ಕೆಲಸ ಇದೆ,” ಅಂದ. ಅಳತೆಯಮ್ಮ ಕೇಳಿಸಿಕೊಂಡರೂ ಕೇಳಿಸದವಳ ಹಾಗೆ ಹೊಲಿಗೆಯ ಮೇಲೆ ಬಗ್ಗಿದಳು. ಕಣ್ಣು ಮಂಜಾಗಿ ಒಂದು ಹೊಲಿಗೆ ತಪ್ಪಿತು.

ಇನ್ನು ನಿಮ್ಮ ಮಾತು. ಹೌದು, ಇದನ್ನು ಓದುತ್ತಿರುವ ನೀವೇ. ನೀವು ಬಟ್ಟೆ ಹೊಲಿಯುವವರಿರಬಹುದು, ಪಾಠ ಹೇಳುವವರಿರಬಹುದು, ನಲ್ಲಿ ರಿಪೇರಿ ಮಾಡುವವರಿರಬಹುದು. ನಿಮ್ಮ ಪ್ರೊಫೈಲ್ ತೆಗೆಯಿರಿ. ನಿಮ್ಮ ಗುರುತು ಪರಿಚಯ ಇಲ್ಲದವರೊಬ್ಬರಿಗೆ ಅದನ್ನು ಓದಿಸಿ, ‘ನಾನು ಏನು ಕೆಲಸ ಮಾಡ್ತೀನಿ, ಯಾರಿಗೆ ಮಾಡ್ತೀನಿ, ನನ್ನನ್ನ ಎಲ್ಲಿ ಹುಡುಕಬೇಕು?’ ಅಂತ ಕೇಳಿ. ಅವರು ತಡವರಿಸಿದರೆ ಇವತ್ತೇ ಅಳಿಸಿ, ಇವತ್ತೇ ಬರೆಯಿರಿ. ಸುಳ್ಳು ಬೇಡ, ಉದ್ದ ಬೇಡ, ಮನೆಯ ಗುಟ್ಟು ಬೇಡ. ಜಂಬ ಆಗುತ್ತದೆ ಅಂತ ಸಂಕೋಚ ಪಡಬೇಡಿ. ನಿಮ್ಮ ಕೈಯ ಕೆಲಸ ಬೇಕಾದವರೊಬ್ಬರು ಈಗಲೂ ಎಲ್ಲೋ ನಿಂತು ಹುಡುಕುತ್ತಿದ್ದಾರೆ, ಅವರ ಕಾಲು ನೋಯುತ್ತಿದೆ.