ಸರಿಯದ ಚುಕ್ಕಿ

ಲೇಖನ ಸಂಜೆ ಐದಕ್ಕೆ ಸಂಶೋಧನಾ ಪತ್ರಿಕೆಗೆ ಹೋಗಬೇಕಿತ್ತು. ಅತ್ತೆಯ ಆರೈಕೆ, ಮಗಳ ಶಾಲೆ ಎಂದು ಹನ್ನೊಂದು ವರ್ಷ ಕೆಲಸ ಬಿಟ್ಟು ಮರಳಿದ್ದ ಸಂಶೋಧಕಿಗೆ ಅದು ತನ್ನದೇ ಹೆಸರಿನ ಮೊದಲ ಲೇಖನ. ಒಳಗಿನ ಬೆಳಕನ್ನು ಹೊರಗೆ ಬಿಡದ ದೈತ್ಯ ಧೂಳುಮೋಡವೊಂದರಲ್ಲಿ, ಧೂಳನ್ನು ತೂರಿಬರುವ ಅವಕೆಂಪು ಕಿರಣಗಳನ್ನು ಹಿಡಿಯುವ ಕ್ಯಾಮೆರಾದ ಕಣ್ಣಿಗೆ ಆರು ಎಳೆಯ ಭಾರೀ ನಕ್ಷತ್ರಗಳು ಬಿದ್ದಿದ್ದವು. ಆರನೆಯದರ ಹೊಳಪಿಗೆ ಸಾಟಿಯೇ ಇರಲಿಲ್ಲ. ಅದರ ಪಕ್ಕದ ಮಬ್ಬು ಚುಕ್ಕಿಗಳನ್ನು ಜೊತೆಗೇ ಹುಟ್ಟುತ್ತಿರುವ ತಂಗಿಯರೆಂದು ಅವಳು ಅಕ್ಕರೆಯಿಂದ ಬರೆದಿದ್ದಳು.

ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ದತ್ತಾಂಶ ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿ, ಅವಳು ಅಕ್ಕ ಎಂದು ಕರೆಯುವಾಕೆ, ಅವಳ ಕುರ್ಚಿಯಲ್ಲಿ ಕೂತಿದ್ದಳು. ಏನನ್ನೂ ಸೋಸದೆ ಬಿಡದ ಅಕ್ಕನನ್ನು ಬೆನ್ನ ಹಿಂದೆ ಎಲ್ಲರೂ 'ಜರಡಿ' ಎನ್ನುತ್ತಿದ್ದರು.

"ಈ ಮೋಡ ನೋಡೋಕ್ಕೆ ಮುಂಚೆ ದೂರದರ್ಶಕ ಯಾವ ಕಡೆಗಿತ್ತು?"

"ಹೊಳಪಿನ ಅಳತೆಗೆ ಅಂತ ಒಂದು ನಕ್ಷತ್ರ ನೋಡಿದ್ವಿ. ಯಾಕಕ್ಕಾ?"

"ಅದು ಕಣ್ಣು ಕುಕ್ಕೋ ಅಂಥದ್ದು ಕಣೇ. ಕೂಡಿಸಿದ ಚಿತ್ರ ಬಿಡು, ಬಿಡಿ ಚಿತ್ರಗಳನ್ನ ಒಂದೊಂದಾಗಿ ತೋರಿಸು."

ಒಂದೇ ಜಾಗದ ಹಲವು ಚಿತ್ರ ತೆಗೆದು ಕೂಡಿಸುವಾಗ ಪ್ರತಿ ಚಿತ್ರಕ್ಕೂ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸುವುದು ರೂಢಿ. ಆಕಾಶದಲ್ಲಿ ಇರುವಂಥದ್ದು ಚಿತ್ರದಲ್ಲಿ ಸರಿಯಲೇಬೇಕು. ಐದು ಚುಕ್ಕಿಗಳು ಸರಿದವು. ಆರನೆಯದು ಕೂತಲ್ಲೇ ಕೂತು ಮಂಕಾಗುತ್ತಾ ಹೋಯಿತು. ಅಳತೆಯ ನಕ್ಷತ್ರ ಕ್ಯಾಮೆರಾದಲ್ಲಿ ಬಿಟ್ಟುಹೋದ ಅಚ್ಚು ಅದು! ಐದು ಚುಕ್ಕಿಗಳು ಕೂಡುವಂತೆ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿದಾಗ ಅದೇ ಅಚ್ಚು ಚದುರಿ ತಂಗಿಯರೂ ಆಗಿತ್ತು.

"ನಿನ್ನ ಹೀರೋ ಕದಲೋದೇ ಇಲ್ಲವಲ್ಲೇ," ಎಂದಳು ಅಕ್ಕ.

"ಈಗ ಹೇಳ್ತೀಯಲ್ಲ!"

"ನಾಳೆ ಹೇಳಿದ್ರೆ ಮಾನ ಹೋಗಿರೋದು."

ಲೇಖನದ ಅರ್ಧ ಕುಸಿದುಬಿದ್ದಿತ್ತು. ಆದರೆ ಸಂಶೋಧಕಿಗೆ ಸಿಟ್ಟು ಬರಲಿಲ್ಲ. ಮರಳಿ ಬಂದಾಗಿನಿಂದ ಎಲ್ಲರೂ ಅವಳ ಕೆಲಸವನ್ನು ಮೇಲೆಮೇಲೆ ನೋಡಿ, "ನೀವು ಬಂದಿದ್ದೇ ದೊಡ್ಡದು ಮೇಡಂ" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಒಂದೊಂದೇ ಚಿತ್ರವನ್ನು ಜಾಲಾಡುವಷ್ಟು ಅದನ್ನು ಲೆಕ್ಕಕ್ಕೆ ತೆಗೆದುಕೊಂಡವಳು ಅಕ್ಕ ಒಬ್ಬಳೇ.

ಸಂಶೋಧಕಿ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದಳು. "ಸರ್, ಇವತ್ತು ಕಳಿಸ್ತಿಲ್ಲ. ಒಂದು ನಕ್ಷತ್ರ ನನ್ನ ತಪ್ಪು."

ಮುಖ್ಯಸ್ಥರು ಕೇಳಿದರು: "ಮಿಕ್ಕ ಐದು?"

"ಅವು ಗಟ್ಟಿ, ಸರ್. ಅಕ್ಕ ನೋಡಿದ್ದಾರೆ. ಲೇಖನದಲ್ಲಿ ಅವರ ಹೆಸರೂ ಇರತ್ತೆ."

"ನನ್ನನ್ನ ಕೇಳಿದ್ಯಾ?" ಎಂದು ಅಕ್ಕ ಗದರಿದಳು. ಮರುಕ್ಷಣವೇ ಕನ್ನಡಕ ತೆಗೆದು, ಇಲ್ಲದ ಧೂಳನ್ನು ಸೆರಗಿನಿಂದ ಬಹಳ ಹೊತ್ತು ಒರೆಸಿದಳು.