ಒಂದು ಬಾಣ, ಒಂದು ಎಂಟರ್

ನಾನು ಯಾರನ್ನೂ ಸುಲಭದಲ್ಲಿ ನಂಬುವವನಲ್ಲ. ಆ ದಿನಗಳಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಕಾಪು ಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಕೋಣೆಯ ಡಿಟಿಪಿ ಅಂಗಡಿ ನನ್ನದು. ಹೆಂಡತಿಯ ಹೆಸರಿನಲ್ಲಿ ವಿನೋದಾ ಗ್ರಾಫಿಕ್ಸ್. ಮದುವೆ ಕಾಗದ, ಮನೆ ಒಕ್ಕಲು ಎಂದರೆ ಗೃಹಪ್ರವೇಶದ ಕಾರ್ಡು, ಮಲ್ಪೆಯ ಐಸ್ ಪ್ಲಾಂಟಿನವರ ಲೆಟರ್‌ಹೆಡ್ಡು, ಯಾರಾದರೂ ತೀರಿಕೊಂಡರೆ ಉತ್ತರಕ್ರಿಯೆಯ ಪತ್ರ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. ಅದರಲ್ಲಿ ವಿಂಡೋಸ್ ಇತ್ತು, ಪೇಜ್‌ಮೇಕರ್ ಇತ್ತು, ಕನ್ನಡ ಅಕ್ಷರಗಳು ಇದ್ದವು. ಒಂದಕ್ಕೂ ರಶೀದಿ ಇರಲಿಲ್ಲ. ಯಾರೋ ಸಿಡಿಯಲ್ಲಿ ತಂದು ಹಾಕಿಕೊಟ್ಟದ್ದು. ನಮ್ಮ ಕಸುಬಿನಲ್ಲಿ ನನಗೆ ಗೊತ್ತಿದ್ದ ಎಲ್ಲರದ್ದೂ ಹಾಗೆಯೇ.

೨೦೦೪ರಲ್ಲಿ ಒಂದು ಸುದ್ದಿ ಹಬ್ಬಿತು. ಕಳ್ಳ ಸಾಫ್ಟ್‌ವೇರ್ ಹಿಡಿಯುವವರು ಗಿರಾಕಿಗಳ ಹಾಗೆ ಬರುತ್ತಾರಂತೆ, ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗುತ್ತಾರಂತೆ. ಒಂದು ಮಧ್ಯಾಹ್ನ ಉಡುಪಿಯ ಒಂದು ಓಣಿಯಲ್ಲಿ ಇದ್ದಬದ್ದ ಡಿಟಿಪಿ ಅಂಗಡಿಗಳೆಲ್ಲ ಶಟರ್ ಎಳೆದು ಕುಳಿತವು. ಬಂದದ್ದು ಯಾರೂ ಅಲ್ಲ, ಮತದಾರರ ಪಟ್ಟಿಯೋ ಏನೋ ವಿಚಾರಿಸಲು ಬಂದ ಇಬ್ಬರು ಮೇಷ್ಟ್ರುಗಳು. ಆದರೂ ನನ್ನ ನಿದ್ರೆ ಹಾರಿಹೋಯಿತು. ಮಣಿಪಾಲದಲ್ಲಿ ಓದುತ್ತಿದ್ದ ಒಬ್ಬ ಹುಡುಗನನ್ನು ಕರೆಸಿ ಅದೇ ಕಂಪ್ಯೂಟರಿನಲ್ಲಿ, ವಿಂಡೋಸಿನ ಬದಲಿಗೆ ಕಂಪ್ಯೂಟರ್ ನಡೆಸಬಲ್ಲ ಲಿನಕ್ಸನ್ನೂ ಹಾಕಿಸಿದೆ. ರೆಡ್ ಹ್ಯಾಟ್ ಎಂದು ಅದರ ಹೆಸರು. ಪುಕ್ಕಟೆಯದ್ದು, ಕಾನೂನಿಗೆ ಸರಿಯಾದದ್ದು, ನನಗೆ ಯಾವ ಕೆಲಸಕ್ಕೂ ಬಾರದ್ದು. ತೋರಿಸಲಿಕ್ಕೆ ಲಿನಕ್ಸ್, ದುಡಿಯಲಿಕ್ಕೆ ವಿಂಡೋಸ್.

ಸ್ವಿಚ್ ಹಾಕಿದರೆ ಎರಡು ಸಾಲಿನ ಒಂದು ಪಟ್ಟಿ ಬರುತ್ತಿತ್ತು. ಮೊದಲನೆಯದು ಲಿನಕ್ಸ್, ಎರಡನೆಯದು ವಿಂಡೋಸ್. ಹತ್ತು ಸೆಕೆಂಡು ಯಾರೂ ಏನೂ ಮುಟ್ಟದಿದ್ದರೆ ಲಿನಕ್ಸೇ ತೆರೆದುಕೊಳ್ಳುತ್ತದೆ. ಹಿಡಿಯಲು ಬಂದವನು ಸ್ವಿಚ್ ಹಾಕಿದರೆ ಅವನಿಗೆ ಕಾಣುವುದು ಅದು. ನಾವು ಮಾತ್ರ ಕೆಳಗಿನ ಬಾಣದ ಕೀಲಿಯನ್ನು ಒಂದು ಸಲ ಒತ್ತಿ ಎಂಟರ್ ಹೊಡೆಯಬೇಕು. ಹೊಡೆಯುವಾಗ ಪರದೆ ನೋಡಬಾರದು, ಬಾಗಿಲು ನೋಡಬೇಕು. ಆ ಹತ್ತು ಸೆಕೆಂಡಿನಲ್ಲಿ ಯಾರಾದರೂ ಒಳಗೆ ಬಂದರೆ ಕೈ ಹಿಂದಕ್ಕೆ ತೆಗೆದು, ಲಿನಕ್ಸ್ ತೆರೆಯಲು ಬಿಡಬೇಕು. ಇದು ನಾನೇ ಮಾಡಿದ ಕ್ರಮ. ಎರಡು ವರ್ಷದಲ್ಲಿ ನನ್ನ ಬೆರಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಪಟ್ಟಿಯಲ್ಲಿ ಏನು ಬರೆದಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಅಶ್ವಿನಿ ಕೆಲಸಕ್ಕೆ ಸೇರಿದ ದಿನ, ನೀರಿನ ಹೂಜಿ ಎಲ್ಲಿದೆ ಎಂದು ತೋರಿಸುವ ಮೊದಲೇ ಅವಳಿಗೆ ಈ ಕ್ರಮ ಹೇಳಿಕೊಟ್ಟೆ. ಬಾಗಲಕೋಟೆ ಕಡೆಯ ಹುಡುಗಿ. ತಂದೆ ಮಾನಪ್ಪ, ತಾಯಿ ಹನುಮವ್ವ ಇಬ್ಬರೂ ಮಣಿಪಾಲದಲ್ಲಿ ಏಳುತ್ತಿದ್ದ ಬಹುಮಹಡಿ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕೆ ಹೋಗುವವರು. ತಗಡಿನ ಶೆಡ್ಡಿನಲ್ಲಿದ್ದುಕೊಂಡೇ ಅವಳು ಪಿಯುಸಿ ಮುಗಿಸಿದ್ದಳು. ಟೈಪಿಂಗ್ ಎಂದರೆ ನಾನು ಓದಿ ಹೇಳುವಷ್ಟರೊಳಗೆ ಮುಗಿಸುತ್ತಿದ್ದಳು. ತಪ್ಪು ಹುಡುಕಲೆಂದೇ ನಾನು ಎರಡೆರಡು ಸಲ ಓದುತ್ತಿದ್ದೆ. ಸಿಗುತ್ತಿರಲಿಲ್ಲ. ಅದೂ ನನಗೆ ಸಂಶಯವೇ. ಇಷ್ಟು ಚುರುಕಿನವಳು ನನ್ನ ಅಂಗಡಿಯಲ್ಲಿ ಯಾಕೆ ಕುಳಿತಿದ್ದಾಳೆ?

ಅವಳಲ್ಲಿ ಒಂದೇ ದೋಷ, ಪ್ರಶ್ನೆ ಕೇಳುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಲಿನಕ್ಸನ್ನು ತೆರೆದು ಏನೇನೋ ಒತ್ತುತ್ತಿದ್ದಳು. ಏನು ಮಾಡುತ್ತೀ ಎಂದರೆ ಕಲಿಯುತ್ತೇನೆ ಎನ್ನುತ್ತಿದ್ದಳು. ತೋರಿಸಲಿಕ್ಕೆಂದು ಇಟ್ಟ ವಸ್ತುವಿನಲ್ಲಿ ಕಲಿಯುವುದು ಎಂತದ್ದು?

೨೦೦೬ರ ಮಳೆ ಕಡಿಮೆಯಾಗುವ ಹೊತ್ತಿಗೆ ಎದುರಿನ ಜೆರಾಕ್ಸ್ ಅಂಗಡಿಯ ದೂಮಪ್ಪಣ್ಣ ಹೊಸ ಸುದ್ದಿ ತಂದ. ಕಾರ್ಕಳದಲ್ಲಿ ಒಬ್ಬ ಮದುವೆ ಕಾಗದ ಮಾಡಿಸುವವನ ಹಾಗೆ ಬಂದು, ಲಿನಕ್ಸ್ ತೆರೆಸಿ, ಇದು ನಾಲ್ಕು ವರ್ಷ ಹಳತು, ಇದರಲ್ಲಿ ನೀವು ಒಂದು ಪುಟ ಕೂಡ ಮಾಡಿದ ಗುರುತಿಲ್ಲವಲ್ಲ ಎಂದನಂತೆ. ದೂಮಪ್ಪಣ್ಣನ ಸುದ್ದಿಗಳಲ್ಲಿ ಅರ್ಧಕ್ಕರ್ಧ ಸುಳ್ಳು ಎಂದು ನನಗೆ ಗೊತ್ತು. ಆದರೆ ಯಾವ ಅರ್ಧ ಎಂದು ತಿಳಿಯದೆ ನಾನು ಪೂರ್ತಿ ಹೆದರುತ್ತಿದ್ದೆ. ಅಂದು ಸಂಜೆ ಅಶ್ವಿನಿಯ ಮುಂದೆ ಮಾತು ತೆಗೆದೆ.

"ಹೌದು ಸರ್, ಅದು ತುಂಬಾ ಹಳತಾಯ್ತು. ಅದನ್ನು ತೆಗೆದು ಉಬುಂಟು ಅಂತ ಹೊಸ ಲಿನಕ್ಸ್ ಹಾಕುವ. ನನ್ನ ಹತ್ತಿರ ಸಿಡಿ ಉಂಟು," ಎಂದಳು.

ಎಲ್ಲಿಂದ ಬಂತು ಸಿಡಿ? ಉಡುಪಿಯ ಸೈಬರಿನಲ್ಲಿ ಕುಳಿತು ಬೇಕೆಂದು ಬರೆದು ಹಾಕಿದ್ದಳಂತೆ, ವಿದೇಶದಿಂದ ಅಂಚೆಯಲ್ಲಿ ಬಂತಂತೆ, ದುಡ್ಡು ಇಲ್ಲವಂತೆ. ವಿಳಾಸಕ್ಕೆ ನನ್ನ ಅಂಗಡಿಯದನ್ನೇ ಕೊಟ್ಟಿದ್ದಳು, ಶೆಡ್ಡಿಗೆ ಅಂಚೆಯವನು ಬರುವುದಿಲ್ಲವೆಂದು. ನನ್ನ ಕಿವಿ ನೆಟ್ಟಗಾಯಿತು. ಪುಕ್ಕಟೆ ಕೊಡುವುದಲ್ಲದೆ ಅಂಚೆ ಖರ್ಚನ್ನೂ ಹಾಕಿ ಕಳಿಸುವವರು ಯಾರು? ನನ್ನ ಅಂಗಡಿಯ ವಿಳಾಸ ಈಗ ಯಾವ ದೇಶದ ಯಾವ ಪುಸ್ತಕದಲ್ಲಿ ಬರೆದಿಟ್ಟಿದೆಯೋ. ಸಿಡಿಯ ಹೊದಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅದರ ಮೇಲೆ ಮೂವರು ನಗುತ್ತಿದ್ದರು. ಆದರೂ ಕಾರ್ಕಳದ ಸುದ್ದಿಯ ಹೆದರಿಕೆ ದೊಡ್ಡದಾಗಿತ್ತು, ಒಪ್ಪಿದೆ.

ಹಾಕುವ ಮೊದಲು ವಿಂಡೋಸಿನಲ್ಲಿದ್ದ ಕೆಲಸವನ್ನೆಲ್ಲ ಖಾಲಿ ಸಿಡಿಗಳಿಗೆ ನಕಲು ಮಾಡಿ ಇಡುವ ಎಂದು ಅವಳು ಎರಡು ಸಲ ಹೇಳಿದಳು. ಎಂಟು ವರ್ಷದಲ್ಲಿ ನಾನು ಮಾಡಿದ ಕಾರ್ಡುಗಳ ವಿನ್ಯಾಸ, ಗಣಪತಿಗಳು, ಅಂಚಿನ ಬಳ್ಳಿಗಳು ಎಲ್ಲ ಅದರಲ್ಲಿದ್ದವು. ಅಂಗಡಿ ಎಂದರೆ ಅದೇ. ಉಳಿದದ್ದು ಒಂದು ಮೇಜು, ಎರಡು ಕುರ್ಚಿ. ನನಗೆ ತಕ್ಷಣ ಹೊಳೆಯಿತು, ಇದಕ್ಕೇ ಇಷ್ಟೆಲ್ಲ ನಾಟಕ. ನಕಲು ಒಂದು ನನಗೆ, ಒಂದು ಅವಳ ಚೀಲಕ್ಕೆ. ಮುಂದಿನ ವರ್ಷ ಮಣಿಪಾಲದಲ್ಲಿ ಅಶ್ವಿನಿ ಗ್ರಾಫಿಕ್ಸ್. ನಕಲು ಬೇಡ, ಹಾಗೆಯೇ ಹಾಕು ಎಂದೆ. ಅವಳು ಖಾಲಿ ಸಿಡಿಗಳನ್ನು ಮೇಜಿನೊಳಗೆ ಎತ್ತಿಟ್ಟಳು.

ಭಾನುವಾರ ಶಟರ್ ಅರ್ಧ ಎಳೆದು ಕೆಲಸ ಶುರುವಾಯಿತು. ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ನಾನು ಮೂರು ಗಂಟೆ ಕುಳಿತೆ. ಇಂಗ್ಲಿಷಿನಲ್ಲಿ ಅಳಿಸು ಎಂಬರ್ಥದ ಮಾತು ಬಂದಾಗಲೆಲ್ಲ ಕೈ ಅಡ್ಡ ಹಿಡಿದೆ. ಅವಳು ಪ್ರತಿ ಸಲ ಬೆರಳಿಟ್ಟು ತೋರಿಸಿದಳು, ಇದು ಹಳೆಯ ಲಿನಕ್ಸಿನ ಜಾಗ, ಇದು ವಿಂಡೋಸಿನ ಜಾಗ, ಇದನ್ನು ನಾವು ಮುಟ್ಟುವುದಿಲ್ಲ ಎಂದು. ಕೊನೆಗೆ ಕಂದು ಬಣ್ಣದ ಹೊಸ ಪರದೆ ತೆರೆದುಕೊಂಡಿತು. ನೋಡಲು ಚಂದವೇ ಇತ್ತು, ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೊರಡುವ ಮೊದಲು, ಶುರುವಿನ ಪಟ್ಟಿ ಈಗ ಬೇರೆ ಆಗಿದೆ, ಒಮ್ಮೆ ನೋಡಿ ಎಂದಳು. ಅವಳು ಹುಟ್ಟುವ ಮೊದಲಿನಿಂದ ಅಂಗಡಿ ನಡೆಸುವವನ ಹಾಗೆ, ನನಗೆ ಗೊತ್ತಿದೆ, ಬಸ್ಸು ತಪ್ಪಿಸಿಕೊಳ್ಳಬೇಡ ಎಂದು ಗದರಿದೆ.

ಸೋಮವಾರ ಎಂಟು ಗಂಟೆಗೇ ಬಂದೆ. ಅಜೆಕಾರಿನ ಒಬ್ಬ ದುಬೈಯವರ ಮನೆ ಒಕ್ಕಲಿನ ಕಾರ್ಡು ಅಂದು ಮಧ್ಯಾಹ್ನದೊಳಗೆ ಉಡುಪಿಯ ಪ್ರೆಸ್ಸಿಗೆ ಹೋಗಬೇಕಿತ್ತು. ಸ್ವಿಚ್ ಹಾಕಿ, ಬಾಗಿಲು ನೋಡುತ್ತ ಒಂದು ಬಾಣ, ಒಂದು ಎಂಟರ್. ತಿರುಗಿ ನೋಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುತ್ತಿದ್ದವು. ಓಡಿ ಓಡಿ ಒಂದು ಕಡೆ ನಿಂತು, ಒಂದು ಸಣ್ಣ ಗೆರೆ ಮಿಟುಕಿಸತೊಡಗಿತು. ವಿಂಡೋಸ್ ಇಲ್ಲ. ಸ್ವಿಚ್ ತೆಗೆದು ಮತ್ತೆ ಹಾಕಿದೆ. ಬಾಣ, ಎಂಟರ್. ಅದೇ ಕಪ್ಪು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ನನ್ನ ಕಣ್ಣು ಬಾಗಿಲ ಮೇಲೆಯೇ.

ಎಂಟು ವರ್ಷ ಹೋಯಿತು. ಅಳಿಸಿದ್ದಾಳೆ, ಅಳಿಸುವ ಮೊದಲು ನನ್ನ ಕಣ್ಣು ತಪ್ಪಿಸಿ ಎತ್ತಿಕೊಂಡಿದ್ದಾಳೆ. ನಿನ್ನೆ ನಡುವೆ ಚಹಾಕ್ಕೆಂದು ನಾನು ಐದು ನಿಮಿಷ ಹೊರಗೆ ಹೋಗಿದ್ದೆನಲ್ಲ. ಎದುರಿನಿಂದ ದೂಮಪ್ಪಣ್ಣನೂ ಬಂದ, ಅವಳ ಚೀಲ ನಿನ್ನೆ ಸ್ವಲ್ಪ ದಪ್ಪವೇ ಕಾಣುತ್ತಿತ್ತು ಎಂದ. ನನಗೆ ಅಷ್ಟು ಸಾಕಿತ್ತು.

ಉದ್ಯಾವರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ವಾಸುವಿಗೆ ಫೋನ್ ಮಾಡಿದೆ. ಆಮೇಲೆ ಉಡುಪಿಯ ಮೂರು ಅಂಗಡಿಗಳಿಗೆ. ಎಲ್ಲರಿಗೂ ಆಣೆ ಹಾಕಿ ಹೇಳಿದ್ದು ಒಂದೇ ಮಾತು: ಅಶ್ವಿನಿ ಎಂದು ಒಬ್ಬಳು ಘಟ್ಟದ ಮೇಲಿನವಳು, ನನ್ನ ಕೆಲಸ ಎಲ್ಲ ಕದ್ದು ಕಂಪ್ಯೂಟರ್ ಹಾಳು ಮಾಡಿದ್ದಾಳೆ, ನಿಮ್ಮಲ್ಲಿಗೆ ಬಂದರೆ ಒಳಗೆ ಸೇರಿಸಬೇಡಿ, ಹಿಡಿಯುವವರ ಕಡೆಯವಳೂ ಆಗಿರಬಹುದು. ಈ ಕೊನೆಯದನ್ನು ನಾನು ಮಾತಾಡುತ್ತ ಮಾತಾಡುತ್ತ ಸೇರಿಸಿದೆ. ಹೇಳಿದ ಮೇಲೆ ನನಗೂ ನಿಜವೆನಿಸಿತು.

ನಾಲ್ಕನೆಯ ಫೋನಿನಲ್ಲಿ ಇರುವಾಗ ಅವಳು ಬಾಗಿಲಲ್ಲಿ ಬಂದು ನಿಂತಳು. ನಾನು ತುಳುವಿನಲ್ಲಿ ಮಾತಾಡುತ್ತಿದ್ದೆ, ನಿಲ್ಲಿಸಲಿಲ್ಲ. ಘಟ್ಟದವರಿಗೆ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯ. ಆರನೆಯ ವರ್ಷದಿಂದ ಮಣಿಪಾಲದಲ್ಲಿ ಬೆಳೆದವಳಿಗೆ ತುಳು ನನ್ನಷ್ಟೇ ಬರುತ್ತದೆ ಎನ್ನುವುದು ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು.

ಫೋನ್ ಇಟ್ಟು, ಚೀಲ ತೆಗೆದು ತೋರಿಸು ಎಂದೆ. ಅವಳು ಏನೂ ಕೇಳದೆ ಮೇಜಿನ ಮೇಲೆ ಚೀಲ ಸುರಿದಳು. ಬುತ್ತಿ ಡಬ್ಬಿ, ಕೊಡೆ, ತಾಯಿಯ ಗಂಟುನೋವಿನ ಮಾತ್ರೆ, ಬಸ್ಸಿನ ಪಾಸು, ಆ ಮೂವರು ನಗುವ ಹೊದಿಕೆ. ಅದರೊಳಗೆ ಅದೊಂದೇ ಸಿಡಿ. ದೂಮಪ್ಪಣ್ಣ ತನ್ನ ಅಂಗಡಿಗೆ ಗಿರಾಕಿ ಬಂದ ಹಾಗೆ ಮಾಡಿ ಜಾರಿಕೊಂಡ.

"ಎಷ್ಟನೆಯ ಸಾಲು ಒತ್ತಿದಿರಿ ಸರ್?" ಎಂದು ಕೇಳಿದಳು.

ಯಾವಾಗಲೂ ಒತ್ತುವುದನ್ನೇ ಒತ್ತಿದೆ ಎಂದೆ. ಅವಳು ನಿಂತೇ ಸ್ವಿಚ್ ಹಾಕಿದಳು, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ನಾನು ಆ ಪಟ್ಟಿಯನ್ನು ಓದಿದೆ. ಈಗ ಐದು ಸಾಲು ಇದ್ದವು. ಎರಡನೆಯದು ಹೊಸ ಲಿನಕ್ಸ್ ಕೆಟ್ಟರೆ ರಿಪೇರಿ ಮಾಡಲಿಕ್ಕೆ ಇರುವ ದಾರಿ; ವಿಂಡೋಸ್ ಎಲ್ಲಕ್ಕಿಂತ ಕೆಳಗೆ. ಅವಳು ಬಾಣವನ್ನು ನಾಲ್ಕು ಸಲ ಒತ್ತಿ ಎಂಟರ್ ಹೊಡೆದಳು. ವಿಂಡೋಸ್ ಬಂತು, ನನ್ನ ಗಣಪತಿಗಳು ಬಂದರು, ಅಜೆಕಾರಿನ ಕಾರ್ಡು ಶನಿವಾರ ಬಿಟ್ಟಲ್ಲಿಯೇ ಇತ್ತು.

ನನಗೆ ಮೊದಲು ಆದದ್ದು ಸಮಾಧಾನ, ನಾಚಿಕೆ ಅಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಬ್ಬ ಎಂದು ಕುಳಿತೆ, ಚಹಾ ತರಿಸಲೇ ಎಂದೆ. ಅವಳು ಅಜೆಕಾರಿನ ಕಾರ್ಡಿನಲ್ಲಿ ಬಾಕಿ ಇದ್ದ ಎರಡು ಸಾಲು ಟೈಪ್ ಮಾಡಿದಳು, ತಪ್ಪು ನೋಡಿದಳು, ಮುದ್ರಿಸಿ ನನ್ನ ಮುಂದಿಟ್ಟಳು. ಆಮೇಲೆ ಸಾಮಾನನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು.

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿದೆ, ಹೊಟ್ಟೆಗೆ ಹಾಕಿಕೋ ಎಂದೆ.

"ನನಗೆ ಹೇಳಿದ್ದಾದರೆ ಹಾಕಿಕೊಳ್ಳುತ್ತಿದ್ದೆ ಸರ್. ನೀವು ಹೇಳಿದ್ದು ಅವರಿಗೆ," ಎಂದು ಫೋನಿನ ಕಡೆ ನೋಡಿ ಹೋದಳು.

ಕಾರ್ಡು ಪ್ರೆಸ್ಸಿಗೆ ಕಳಿಸಿ, ಮಧ್ಯಾಹ್ನವೇ ವಾಸುವಿಗೆ ಫೋನ್ ಮಾಡಿದೆ. ತಪ್ಪು ನನ್ನದು, ಹುಡುಗಿ ಅಪ್ಪಟ ಚಿನ್ನ, ಸಾಲು ಎಣಿಸಲು ಬಾರದ್ದು ನನಗೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ದನಿ ಸಣ್ಣ ಮಾಡಿ ಕೇಳಿದ, "ಭೋಜಣ್ಣ, ಅವಳು ಅಲ್ಲಿಯೇ ಕುಳಿತಿದ್ದಾಳಾ? ಕಂಪ್ಲೇಂಟ್ ಕೊಡುತ್ತೇನೆ ಅಂತ ಹೆದರಿಸಿದಳಾ ಎಂತ?" ಇಲ್ಲ ಮಾರಾಯ ಎಂದು ದೇವರ ಮೇಲೆ ಆಣೆ ಹಾಕಿದೆ. ಬೆಳಿಗ್ಗೆಯೂ ನೀನು ಆಣೆ ಹಾಕಿದ್ದಿಯಲ್ವಾ ಎಂದ. ಉಡುಪಿಯವರಲ್ಲಿ ಇಬ್ಬರು, ಆಯಿತು ನೋಡುವ ಎಂದು ಇಟ್ಟರು. ಒಬ್ಬ, ನೀನು ಅವಳನ್ನು ನಮ್ಮ ತಲೆಗೆ ಕಟ್ಟಲು ನೋಡುತ್ತೀ ಎಂದು ನಕ್ಕ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಅದು ತಿಳಿದು ನನ್ನ ಮೇಲೆಯೇ ನನಗೆ ಅಸಹ್ಯವಾಯಿತು.

ಎರಡು ವಾರ ಕಾದೆ. ಅವಳು ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಣಿಪಾಲಕ್ಕೆ ಹೋಗಿ, ಕೇಳುತ್ತ ಕೇಳುತ್ತ ಅವರ ಶೆಡ್ಡು ಹುಡುಕಿದೆ. ಅಶ್ವಿನಿ ಇರಲಿಲ್ಲ. ತಂದೆಯ ಜೊತೆ ಕಟ್ಟಡಕ್ಕೆ ಹೋಗಿದ್ದಾಳೆ, ಇಟ್ಟಿಗೆ ಹೊರಲು ಒಂದು ಆಳು ಕಡಿಮೆಯಿತ್ತು ಎಂದಳು ಹನುಮವ್ವ. ಮೊಣಕಾಲು ಹಿಡಿದುಕೊಂಡೇ ಎದ್ದು, ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಒಂದು ಸೀರೆ ಮಡಚಿ ಹಾಸಿ ನನ್ನನ್ನು ಕೂರಿಸಿದಳು. ಮಗಳು ಮನೆಯಲ್ಲಿ ಏನೂ ಹೇಳಿರಲಿಲ್ಲ. ಅಂಗಡಿಯಲ್ಲಿ ಕೆಲಸ ಕಡಿಮೆಯಾಯಿತು, ಸರ್ ಒಳ್ಳೆಯವರೇ ಎಂದಷ್ಟೇ ಹೇಳಿದ್ದಳಂತೆ. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ನೀರಿನ ಲೋಟ ಕೈಗೆ ಕೊಟ್ಟು ಮಾತು ತೆಗೆದಳು.

"ಉಡುಪ್ಯಾಗ ಮೂರು ಅಂಗಡಿ ಕೇಳ್ಯಾಳ್ರಿ, ಉದ್ಯಾವರದಾಗ ಒಂದು. ಹೆಸರ ಹೇಳಿದ ಕೂಡ್ಲೇ ಕೆಲಸ ಇಲ್ಲ ಅಂತಾರಂತ. ಯಾಕಂತ ತಿಳೀವಲ್ದು. ನೀವೊಂದ್ ಮಾತು ಹೇಳ್ರಿ ಸಾವ್ಕಾರ್ರ, ನಿಮ್ಮ ಮಾತ ನಂಬ್ತಾರ ಅವ್ರು."

ನಾನು ಎಲ್ಲರಿಗೂ ಹೇಳಿ ಆಗಿತ್ತು, ಮೊದಲು ಸುಳ್ಳು, ಆಮೇಲೆ ನಿಜ. ಅದನ್ನು ಆಕೆಗೆ ಹೇಗೆ ಹೇಳುವುದೆಂದು ತಿಳಿಯದೆ ಹೂಂ ಎಂದೆ.